ಹಾಳಮಣ್ಣು

ಫಾರ್ಮಿನಾಗ ಎರಡೇ ಖಾನೆ: ಕಚ್ಚಾ, ಪಕ್ಕಾ.
ಗ್ರಾಮಸೇವಕ ಮರಾಠಿಯೊಳಗ ಬರಕೊಂಡ,
ಅವ್ವನ ಹೆಸರಿನಾಗಿನ ಒಂದು ಒತ್ತು ನುಂಗಿ
ಕಚ್ಚಾದ ಮುಂದ ಗೀಟು ಹಾಕಿದ.
ಗ್ವಾಡಿ ಎರಡು ಮೊಳ ದಪ್ಪ ಇತ್ತು.
ಹೊರಗ ಮೈಂದರ್ಗಿ ಹೆಂಚಿನಂಗ ಕಾದಿತ್ತು.
ಅವ ಆ ಗ್ವಾಡಿಗೇ ಬೆನ್ನು ಕೊಟ್ಟು
ತಂಪಾಗಿ ಕುಂತು ಬರದ.

ಹಳೇದು ಕೆಡವಿದ ಫೋಟೋ ಕೊಟ್ಟರ
ಘರಕುಲದ ಮೊದಲ ಕಂತು.

ಜೆಸಿಬಿ ನಮ್ಮ ಸಂದಿಯೊಳಗ ಹಿಡಿಲಿಲ್ಲ.
ಲಾಲೇಸಾಬ ಗೌಂಡೀನ್ನ ಕರಸಿದ್ವಿ,
ಎಂಬತ್ತು ದಾಟ್ಯಾವ, ಒಂದು ಕಣ್ಣು ಹೋಗ್ಯಾದ.
ನಿಚ್ಚಣಿಕಿ ಏರಿ, ಚಪ್ಪಲಿ ಬಿಟ್ಟು,
ಮಾಳಗಿ ತುಂಬ ಬರಿಗಾಲಿಲೆ ಅಡ್ಡಾಡಿ
ಒಂದು ಮೂಲ್ಯಾಗ ನಿಂತ:
"ಇಲ್ಲಿ ಬೇವಿನ ಸೊಪ್ಪು ಕಮ್ಮಿ ಬಿದ್ದಾವ.
ಆ ವಾರ ನನ್ನ ನಿಖಾ ಇತ್ತು, ಗಡಿಬಿಡಿ."
ಅದೇ ಮೂಲಿ. ಪ್ರತಿ ಮಿರಗಕ್ಕೂ
ನಾವು ಬೋಗುಣಿ ಇಡತಿದ್ದ ಜಾಗ.

"ಎಲ್ಲಿಂದ ಒಡಿಯೂದು, ಕಾಕಾ?"
"ಒಡಿಯೂದಲ್ಲವ್ವಾ, ಇಳಸೂದು.
ಕಡೀಕ ಏರಿದ್ದು ಮೊದಲ ಇಳೀಬೇಕು."

ಮೊದಲ ಸವಳು. ಆಮ್ಯಾಲ ಕೆಸರಿನ ಹಾಸು.
ಅದರ ಕೆಳಗ ಸೊಪ್ಪು, ಐವತ್ತು ವರ್ಷದ್ದು,
ಬಟ್ಟಿನಾಗ ತಿಕ್ಕಿದರ ಈಗಲೂ ಕಹಿ.
ಕಟ್ಟಿಗಿ ಚಕ್ಕಿ, ಜಂತಿ, ತೊಲಿ.
ಬೆಳಕಿಂಡಿ ಎತ್ತಿ ಬದಿಗಿಟ್ಟ ಗಳಿಗಿ
ಅಡಗಿಮನಿಗೆ ಬಿಸಲು ಒಮ್ಮೆಲೆ ನುಗ್ಗಿತು.
ಅವ್ವ ಸೆರಗು ಸರಿಮಾಡಿಕೊಂಡಳು,
ಯಾರೋ ಗಂಡಸು ಬಂದಂಗ.

ಚಹಾ ಕುಡಿಯುವಾಗ ಗೌಂಡಿ ಹೇಳಿದ:
ಗ್ವಾಡಿ ದಿನಕ್ಕ ಒಂದು ಮೊಳ ಅಷ್ಟೇ.
ಆಸೆಬುರುಕತನ ಮಾಡಿದರ ಸೊಂಟ ಮುರಕೊಂತಾದ.
ಜ್ವಾಳದ ಹೊಟ್ಟು ಕಲಸಿ ಏಳು ದಿನ ಕೊಳಸಬೇಕು,
ತುಳೀಬೇಕು. ಎತ್ತು ಸಾಲದಾಗ
ನಿಮ್ಮತ್ತಿ ಸುಗಲಾಬಾಯಿ ತುಳದಳು,
ಅರ್ಧ ಕೂಲಿ, ಹೊಟ್ಟ್ಯಾಗ ಆರು ತಿಂಗಳ.
ಕೂಲಿ ವಿಷಯಕ್ಕ ನಾನs ಜಗಳಾಡಿದ್ದೆ.
ಆಡಿದ್ದೆನೋ, ಆಡಬೇಕಂದಿದ್ದೆನೋ. ಈಗ ನೆನಪಿಲ್ಲ.

"ಕರಿಮಣ್ಣು ಬೀಜಕ್ಕ ಒಲೀತಾದ,
ಭಾರಕ್ಕ ಬಾಯಿ ಬಿಡತಾದ.
ಗ್ವಾಡಿಗೆ ಹಾಳಮಣ್ಣs ಬೇಕು.
ಹಳ್ಳದ ದಂಡಿಗೆ ಹಿಂದೊಂದು ಊರಿತ್ತು,
ಬೂದಿ, ಉಚ್ಚಿ, ಉಪ್ಪು, ಬೈಗುಳ
ಎಲ್ಲಾ ಕುಡದ ಮಣ್ಣು ಅದು.
ಒಮ್ಮೆ ಮಂದಿ ಬಾಳಿದ ಮಣ್ಣಿಗೆ
ನಿಂದರೂದು ಹೊಸದಾಗಿ ಕಲಸೂದು ಬ್ಯಾಡ."

ಸಣ್ಣಾಕಿದ್ದಾಗ ನಾ ಅದೇ ಗ್ವಾಡಿಯಿಂದ
ಬಳಿಚೂರು ಕೀಳತಿದ್ದೆ, ಹಸರು, ನೀಲಿ,
ಯಾವ ಕಾಲದಾಕಿಯದೋ.
ಅವ್ವ ಕೈಮ್ಯಾಲ ಹೊಡೀತಿದ್ದಳು:
"ಗ್ವಾಡಿ ಕೈ ಬರಿದು ಮಾಡಬ್ಯಾಡ."

ನಾಕು ದಿನಕ್ಕ ಮನಿ ಗುಂಪಿ ಆಯಿತು.
ಗ್ರಾಮಸೇವಕ ಫೋಟೋ ಹೊಡದ,
ಗುಂಪಿಯ ಮುಂದ ಅವ್ವನ್ನ ನಿಂದರಿಸಿ.
ಟ್ರ್ಯಾಕ್ಟರದವ ಟ್ರಿಪ್ಪಿಗೆ ಆರನೂರು ಕೇಳಿದ,
ಎಲ್ಲಾದರೂ ಚೆಲ್ಲತೀನಿ ಅಂದ.

ಮಿರಗಕ್ಕ ಎಂಟು ದಿನ ಉಳದಿತ್ತು.
ಜೈತುನಬಿ ಬುಟ್ಟಿ ಹಿಡಕೊಂಡು ಬಂದಳು,
"ನಮ್ಮ ಮಾಳಗಿ ಸವದಾದ, ಎರಡು ಬುಟ್ಟಿ ಒಯ್ಯಲೇನು?"
ಆಕಿ ಹಿಂದ ಹಡಪದ ಓಣಿಯವರು,
ಅವರ ಹಿಂದ ನಾವು ಮಾತು ಬಿಟ್ಟಿದ್ದ ಚಿಕ್ಕಪ್ಪನ ಸೊಸಿ,
ಮಾತಾಡಲಿಲ್ಲ, ತುಂಬಿಕೊಂಡು ಹೋದಳು.
ಪಡಸಾಲಿ, ದೇವರಕೋಣಿ, ಒಲಿ ಮುಂದಿನ ಕರಿ ಗ್ವಾಡಿ
ತಲಿ ಮ್ಯಾಲ ಕುಂತು ಓಣಿ ಸುತ್ತಿದವು.
ಗೌಂಡಿ ಕಟ್ಟಿ ಮ್ಯಾಲ ಕುಂತು ಕೂಗತಿದ್ದ,
"ಒತ್ತಿ ಬಡೀರಿ, ಇಳಿಜಾರು ಮರೀಬ್ಯಾಡ್ರಿ."

ಹೊಸಾ ಮನಿ ಸ್ಲ್ಯಾಬಿನದು. ಸೋರೂದಿಲ್ಲ.
ಮಧ್ಯಾಹ್ನ ಒಳಗ ಇರಾಕಾಗೂದಿಲ್ಲ,
ಅವ್ವ ಜೈತುನಬಿ ಮನೀಗೆ ಹೋಗಿ ಮಲಗತಾಳ.
ಮೊದಲ ಮಳಿ ರಾತ್ರಿ ಆ ಕಡಿಯಿಂದ
ಗ್ವಾಡಿ ದಾಟಿ ದನಿ ಬಂತು:
"ಏ ಗುರುಬಾಯಿ, ನಿಮ್ಮ ಅಡಗಿಮನಿ
ಒಂದು ಹನಿ ಬಿಡವಲ್ಲದು ನೋಡ!"

ಅವ್ವ ಕತ್ತಲದಾಗ ಎದ್ದು ಕುಂತು,
ಕೈಗೆ ಹತ್ತಿದ ಬೋಗುಣಿ ಹಿಡಕೊಂಡು
ಆ ಮೂಲಿ ಎಲ್ಲೆಂತ ಹುಡಕಿದಳು.